ಹಸಿರು ದೀಪ ಬಿದ್ದಾಗ ‘ಅಯ್ಯೋ’ ಅನ್ನಿಸುವ ಪುಸ್ತಕ

ನನ್ನ ಮಗಳು ಆರನೇ ಕ್ಲಾಸಿಗೆ ಬಂದ ವರ್ಷ ಓದುವುದನ್ನು ನಿಲ್ಲಿಸಿದಳು. ಪಾಠದ ಪುಸ್ತಕವಲ್ಲ, ಅದನ್ನು ಹೇಗೋ ಓದುತ್ತಿದ್ದಳು. ನಿಲ್ಲಿಸಿದ್ದು ಕಥೆ ಪುಸ್ತಕ. ಮೂರನೇ ಕ್ಲಾಸಿನಲ್ಲಿದ್ದಾಗ ಊಟದ ತಟ್ಟೆಯ ಪಕ್ಕ ಪುಸ್ತಕ ಇಟ್ಟುಕೊಂಡು, ಹಾಳೆಗೆಲ್ಲ ಸಾರಿನ ಕಲೆ ಮಾಡಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದ ಹುಡುಗಿ ಅವಳು. ಈಗ ನಾನೇ ತಂದು ಮುಂದಿಟ್ಟರೂ “ಅಲ್ಲಿಡಪ್ಪಾ, ಆಮೇಲ್ ನೋಡ್ತೀನಿ” ಎಂದು ಟಿ.ವಿ. ಕಡೆ ತಿರುಗುತ್ತಿದ್ದಳು. ಆ ‘ಆಮೇಲೆ’ ಬರುತ್ತಲೇ ಇರಲಿಲ್ಲ.

ನನಗೆ ಇದು ಸಣ್ಣ ವಿಷಯವಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಯಶವಂತಪುರದ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು. ಅದಕ್ಕೆ ನಾಚಿಕೆ ಏನಿಲ್ಲ. ಕೆಲಸ ಕಲಿತೆ, ಲಾರಿ ಓಡಿಸಿದೆ, ಇವತ್ತು ಶೆಟ್ಟಿಹಳ್ಳಿಯಲ್ಲಿ ನನ್ನದೇ ಸ್ಕೂಲ್ ವ್ಯಾನ್ ಇದೆ. ಬೆಳಿಗ್ಗೆ ಶೆಟ್ಟಿಹಳ್ಳಿ, ಜಾಲಹಳ್ಳಿಯ ಮಕ್ಕಳನ್ನು ಹತ್ತಿಸಿಕೊಂಡು ರಿಂಗ್ ರೋಡು ಹಿಡಿದು, ಹೆಬ್ಬಾಳ ದಾಟಿ, ಸಹಕಾರನಗರದ ಕಡೆ ಇರುವ ಶಾಲೆಗೆ ಬಿಡುತ್ತೇನೆ. ಅದೇ ಶಾಲೆಗೆ ನನ್ನ ಮಗಳೂ ಹೋಗುತ್ತಾಳೆ, ಅದೇ ವ್ಯಾನಿನಲ್ಲಿ, ನನ್ನ ಹಿಂದಿನ ಸೀಟಿನಲ್ಲಿ. ನನ್ನ ವ್ಯಾನಿನ ಮಕ್ಕಳು ಬೆಲ್ಲಿಗೆ ತಡವಾಗಿ ಹೋಗಿದ್ದರೆ ಅದು ಹೆಬ್ಬಾಳದ ತಪ್ಪು, ನನ್ನ ಗಾಡಿಯದಲ್ಲ. ಇಷ್ಟೆಲ್ಲ ಇದ್ದರೂ ನನ್ನ ದೊಡ್ಡ ಜಂಬ ಗಾಡಿಯಲ್ಲ. ನನ್ನ ಮಗಳು ಓದುತ್ತಾಳೆ ಅನ್ನುವುದೇ ನನ್ನ ಜಂಬ. ಶಾಲೆಯ ಮುಂದೆ ನಿಲ್ಲುವ ಡ್ರೈವರುಗಳ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದ್ದೆ. ಈ ವಯಸ್ಸಿನಲ್ಲಿ ಓದು ಕೈಬಿಟ್ಟರೆ ಮತ್ತೆ ಹಿಡಿಯುವುದು ಎಷ್ಟು ಕಷ್ಟ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗಾಗಿ ಪುಸ್ತಕ ತರುವುದಕ್ಕೆ ಶುರು ಮಾಡಿದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ‘ನೀವೆಷ್ಟು ಓದಿದೀರಿ?’ ಅನ್ನುವ ಪ್ರಶ್ನೆ ಎಲ್ಲಿ ಬರುತ್ತದೋ ಎಂದು. ನನಗೆ ಗೊತ್ತಿದ್ದದ್ದು ಟೈರ್ ಕೊಳ್ಳುವ ರೀತಿ: ದಪ್ಪ ನೋಡು, ಗಟ್ಟಿ ನೋಡು, ಬಹಳ ದಿನ ಬರುತ್ತದಾ ನೋಡು. ಅದೇ ಕಣ್ಣಿನಿಂದ ಮಹಾನ್ ವ್ಯಕ್ತಿಗಳ ಜೀವನ ಎಂದು ರಟ್ಟು ಹಾಕಿದ್ದ ದೊಡ್ಡ ಪುಸ್ತಕ ತಂದೆ. ಆಮೇಲೆ ಸಾಮಾನ್ಯ ಜ್ಞಾನದ್ದೊಂದು. ಆಮೇಲೆ ಒಳ್ಳೆಯ ನಡತೆಯ ಕಥೆಗಳು. ಅದರಲ್ಲಿ ಪ್ರತಿ ಕಥೆಯ ಕೊನೆಗೂ ಒಂದು ಚೌಕದೊಳಗೆ ನೀತಿ ಬರೆದಿದ್ದರು. ಮಗಳು ಆ ಪುಸ್ತಕವನ್ನು ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮುಗಿಸಿದಳು.

“ಅಷ್ಟು ಬೇಗ ಓದ್ಬಿಟ್ಯಾ?”

“ಕೊನೇಲಿ ನೀತಿ ಬರ್ದಿದಾರಲ್ಲಪ್ಪಾ. ಅದನ್ನಷ್ಟೇ ಓದ್ದೆ. ಎಲ್ಲಾ ಒಂದೇ.”

ಒಳಗಿಂದ ನನ್ನ ಹೆಂಡತಿ ನಕ್ಕಿದ್ದು ಕೇಳಿಸಿತು.

ಸುಮ್ಮನೆ ಮನೆಯಲ್ಲಿ ಧೂಳು ಹಿಡಿಯುವುದು ಬೇಡ ಎಂದು ಆ ಪುಸ್ತಕಗಳನ್ನು ತೆಗೆದುಕೊಂಡು ಹೋಗಿ ವ್ಯಾನಿನಲ್ಲಿಟ್ಟೆ. ಹೆಬ್ಬಾಳದ ಜಾಮಿನಲ್ಲಿ ಮಕ್ಕಳು ದಿನಾ ಜಡೆ ಎಳೆದುಕೊಂಡು, ಬಾಟಲಿ ನೀರು ಎರಚಿಕೊಂಡು ಕೂಗಾಡುತ್ತಿದ್ದರು. ಓದಿಕೊಂಡಾದರೂ ಕೂರಲಿ, ಅವರ ಜೊತೆ ನನ್ನ ಮಗಳೂ ಒಂದು ಕಣ್ಣು ಹಾಕಲಿ ಎಂಬ ಆಸೆ. ಮೊದಲ ದಿನ ಎಲ್ಲರೂ ಉತ್ಸಾಹದಿಂದ ಒಂದೊಂದು ಹಿಡಿದುಕೊಂಡರು. ನಾನು ಬೀಗುತ್ತಾ ಗಾಡಿ ಓಡಿಸುತ್ತಿದ್ದೆ. ಜಾಲಹಳ್ಳಿ ದಾಟಿ ರಿಂಗ್ ರೋಡಿಗೆ ಬರುವಷ್ಟರಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬ, “ಅಂಕಲ್, ನಂಗೆ ಒಂಥರಾ ಆಗ್ತಿದೆ” ಎಂದ. ನಾನು ಪಕ್ಕಕ್ಕೆ ಹಾಕುವುದರೊಳಗೆ ಬೆಳಿಗ್ಗೆ ತಿಂದ ಇಡ್ಲಿಯೆಲ್ಲ ಮಹಾನ್ ವ್ಯಕ್ತಿಗಳ ಮೇಲೆ ಬಿತ್ತು. ಅವನನ್ನು ನೋಡಿ ಇನ್ನೊಬ್ಬಳು. ಲಾರಿ, ಬಸ್ಸು, ವ್ಯಾನು ಎಲ್ಲ ಓಡಿಸಿದವನು ನಾನು. ಓಡುವ ಗಾಡಿಯಲ್ಲಿ ತಲೆ ಬಗ್ಗಿಸಿ ಓದಿದರೆ ಹೊಟ್ಟೆ ತೊಳಸುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಓಡುವ ಗಾಡಿಯಲ್ಲಿ ನಾನು ಯಾವತ್ತಾದರೂ ಓದಿದ್ದರೆ ತಾನೇ ಹೊಳೆಯುವುದು!

ಅವತ್ತೇ ಕಾನೂನು ಮಾಡಿದೆ. ಸಿಗ್ನಲ್ಲಿನಲ್ಲೋ ಜಾಮಿನಲ್ಲೋ ನಿಂತು ನಾನು ಹ್ಯಾಂಡ್‌ಬ್ರೇಕ್ ಎಳೆದ ಮೇಲೆ ಪುಸ್ತಕ ತೆಗೆಯಬೇಕು. ಬ್ರೇಕ್ ಬಿಟ್ಟ ತಕ್ಷಣ ಮುಚ್ಚಬೇಕು. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಪುಸ್ತಕ ವ್ಯಾನಿನಿಂದ ಕೆಳಗಿಳಿಯಬಾರದು, ಇಳಿದರೆ ಯಾರ ಮನೆಯಲ್ಲಿ ಕಳೆದುಹೋಗುತ್ತದೋ.

ಓದುವ ಕೆಲಸ ಏಳನೇ ಕ್ಲಾಸಿನ ಒಂದು ಹುಡುಗಿಗೆ ಬಿತ್ತು. ಅವರ ಮನೆಯಲ್ಲಿ ಮಾತೆಲ್ಲ ದಖನಿ ಉರ್ದು. ಆದರೂ ವ್ಯಾನಿನಲ್ಲಿ ಕನ್ನಡ ನಿಲ್ಲಿಸದೆ ಓದುವವಳು ಅವಳೊಬ್ಬಳೇ. ಚಿಕ್ಕಂದಿನಿಂದ ಅಜ್ಜಿಗೆ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಎಲ್ಲ ಓದಿ ಹೇಳಿ ಅವಳಿಗೆ ಅಭ್ಯಾಸ. ಧ್ವನಿಯೂ ಜೋರು.

ಈ ಕಾನೂನಿನಿಂದ ನನಗೆ ಅರಿವಿಲ್ಲದೆಯೇ ಪುಸ್ತಕ ಅಳೆಯುವ ಒಂದು ಪರೀಕ್ಷೆ ಸಿಕ್ಕಿಬಿಟ್ಟಿತು. ಮಹಾನ್ ವ್ಯಕ್ತಿಗಳನ್ನು ಒರೆಸಿ ಒಣಗಿಸಿ ಓದಿಸಿದೆ. ಹಸಿರು ದೀಪ ಬಿತ್ತು, ಪುಸ್ತಕ ಮುಚ್ಚಿತು, ಒಬ್ಬರಾದರೂ ತಿರುಗಿ ನೋಡಲಿಲ್ಲ. ಆ ಕಥೆಯ ಮಹಾನುಭಾವ ಬೀದಿ ದೀಪದ ಕೆಳಗೆ ಓದುತ್ತಾ ಕೂತಿದ್ದ, ಹಾಗೇ ಕೂತಿರಲಿ ಎಂದು ಬಿಟ್ಟರು. ದಪ್ಪ ಬೇಡವೇನೋ ಎಂದು ಮುಂದಿನ ವಾರ ತೆಳ್ಳಗಿನದು ತಂದೆ. ಬಣ್ಣದ ಚಿತ್ರ, ದೊಡ್ಡ ದೊಡ್ಡ ಅಕ್ಷರ, ಒಂದು ಮೊಲ. ಅದನ್ನು ಕಂಡು ನನ್ನ ಮಗಳ ಪಕ್ಕದಲ್ಲಿದ್ದವಳು ಪುಸ್ತಕವನ್ನು ಕಿಟಕಿಯ ಕೆಳಕ್ಕೆ ಬಚ್ಚಿಟ್ಟಳು.

“ಯಾಕಮ್ಮ?”

“ಪಕ್ಕದ ಬಸ್ಸಲ್ಲಿ ನಮ್ ಕ್ಲಾಸೋರಿದಾರೆ ಅಂಕಲ್. ಯು.ಕೆ.ಜಿ. ಬುಕ್ಕು ಓದ್ತಿರೋದು ನೋಡಿದ್ರೆ ಮಾನ ಹೋಗುತ್ತೆ.”

ಹತ್ತು ಹನ್ನೊಂದರ ವಯಸ್ಸಿನಲ್ಲಿ ಅಕ್ಷರದ ಗಾತ್ರಕ್ಕೂ ಮಾನ ಇದೆ ಎಂದು ಅವತ್ತು ತಿಳಿಯಿತು. ಇನ್ನೊಂದು ವಾರ ನನ್ನ ಹೆಂಡತಿ ಓದುತ್ತಿದ್ದ ಕಾದಂಬರಿ ಕೊಟ್ಟು ನೋಡಿದೆ. ಅದರಲ್ಲಿ ಗಂಡ ಹೆಂಡತಿ ಒಂದು ಇಡೀ ಸಿಗ್ನಲ್ ಮಾತಾಡದೆ ಮುನಿಸಿಕೊಂಡು ಕೂತಿದ್ದರು. ಹಿಂದಿನ ಸೀಟಿನಲ್ಲಿ ಗೊರಕೆ ಕೇಳಿಸಿತು.

ಇಷ್ಟರಲ್ಲಿ ನನ್ನ ಮಗಳು ಏನು ಮಾಡುತ್ತಿದ್ದಳು? ಕಿಟಕಿಗೆ ಹಣೆ ಒತ್ತಿಕೊಂಡು ಫ್ಲೈಓವರಿನ ಕಂಬ ನೋಡುತ್ತಿದ್ದಳು. ನನ್ನ ಮುಂದಿನ ಕನ್ನಡಿಯಲ್ಲಿ ಅವಳ ಮುಖ ದಿನಾ ಕಾಣುತ್ತಿತ್ತು. ಅಪ್ಪ ಏನೋ ಸರ್ಕಸ್ ಮಾಡುತ್ತಿದ್ದಾನೆ, ಮಾಡಿಕೊಳ್ಳಲಿ ಅನ್ನುವ ಮುಖ.

ಕೊನೆಗೆ ನನ್ನ ಬಿಗುಮಾನ ಬಿಟ್ಟು ಆರ್.ಟಿ. ನಗರದ ಒಂದು ಪುಸ್ತಕದಂಗಡಿಗೆ ಹೋದೆ. ಅಂಗಡಿಯ ಯಜಮಾನಿ ಕನ್ನಡಕ ಹಣೆಯ ಮೇಲಿಟ್ಟುಕೊಂಡು ಬೆಲೆಯ ಚೀಟಿ ಅಂಟಿಸುತ್ತಿದ್ದರು.

“ಮಗಳಿಗೆ ಒಂದು ಒಳ್ಳೆ ಪುಸ್ತಕ ಬೇಕು ಮೇಡಂ. ಆರನೇ ಕ್ಲಾಸು.”

“ಕ್ಲಾಸ್ ಇರ್ಲಿ ಸರ್. ಅವಳಿಗೇನಿಷ್ಟ?”

ನಾನು ತಲೆ ಕೆರೆದುಕೊಂಡೆ. ಅವಳಿಗೆ ಹಾಗಲಕಾಯಿ ಆಗುವುದಿಲ್ಲ, ಹಲ್ಲಿ ಕಂಡರೆ ಭಯ, ಇದೆಲ್ಲ ಗೊತ್ತಿತ್ತು. ಯಾವ ಕಥೆ ಇಷ್ಟ ಎಂಬುದು ಮಾತ್ರ ಗೊತ್ತಿರಲಿಲ್ಲ. ನನ್ನ ಅವಸ್ಥೆ ನೋಡಿ ಅವರೇ ಒಂದು ಪುಸ್ತಕ ತೆಗೆದುಕೊಟ್ಟರು. ದಪ್ಪವೂ ಅಲ್ಲ, ತೆಳ್ಳಗೂ ಅಲ್ಲ. ಅಲ್ಲೇ ನಿಂತು ಮೊದಲ ಪುಟ ಓದಿದೆ. ಒಬ್ಬ ಹನ್ನೊಂದು ವರ್ಷದ ಹುಡುಗಿ. ಅವಳ ತಾತ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವನು. ಮನೆ ಖಾಲಿ ಮಾಡುವಾಗ ಯಾರೋ ಆ ಕ್ಲಾರಿನೆಟ್ಟನ್ನು ಗುಜರಿಗೆ ಹಾಕಿಬಿಟ್ಟಿದ್ದಾರೆ. ಹುಡುಗಿ ಅಮ್ಮನಿಗೆ ‘ಸ್ಪೆಷಲ್ ಕ್ಲಾಸ್ ಇದೆ’ ಎಂದು ಸುಳ್ಳು ಹೇಳಿ ಗುಜರಿ ಲಾರಿ ಹುಡುಕಿಕೊಂಡು ಹೊರಡುತ್ತಾಳೆ.

ಪುಸ್ತಕ ಮುಚ್ಚಿ ವಾಪಸ್ ಕೊಟ್ಟೆ. “ಏನ್ ಮೇಡಂ ಇದು, ಮೊದಲನೇ ಪುಟದಲ್ಲೇ ಅಮ್ಮಂಗೆ ಸುಳ್ಳು ಹೇಳ್ತಾಳೆ! ಮಕ್ಕಳು ಏನ್ ಕಲೀತಾರೆ?”

ಅವರು ಕನ್ನಡಕ ಇಳಿಸಿಕೊಂಡು ನನ್ನನ್ನು ಸರಿಯಾಗಿ ನೋಡಿದರು. “ಸುಳ್ಳೇ ಹೇಳದಿರೋ ಹನ್ನೊಂದು ವರ್ಷದ ಮಗೂನ ನಾನಂತೂ ನೋಡಿಲ್ಲ. ನಿಮ್ಮನೇಲಿದ್ರೆ ಕರ್ಕೊಂಬನ್ನಿ, ಈ ಪುಸ್ತಕ ಫ್ರೀಯಾಗ್ ಕೊಡ್ತೀನಿ.”

ಪಕ್ಕದಲ್ಲಿ ಪೆನ್ನು ಕೊಳ್ಳುತ್ತಿದ್ದವರು ಕಿಸಕ್ಕೆಂದರು. ನನಗೆ ರೇಗಿತು. ಆ ರೇಗಿನಲ್ಲೇ ಪುಸ್ತಕ ಕೊಂಡೆ.

ಕೊಂಡದ್ದೇನೋ ಆಯಿತು. ಆದರೆ ಮಕ್ಕಳಿಗೆ ಕೊಡುವ ಮೊದಲು ನಾನೇ ಓದಿ ನೋಡಬೇಕು ಎಂದುಕೊಂಡೆ. ಬೇರೆಯವರ ಮನೆ ಮಕ್ಕಳು, ನಾಳೆ ಯಾರಾದರೂ ಕೇಳಿದರೆ ಉತ್ತರ ಇರಬೇಕು. ಮಧ್ಯಾಹ್ನ ಶಾಲೆ ಬಿಡುವ ಮೊದಲು ನಾವು ಡ್ರೈವರುಗಳೆಲ್ಲ ಪಾರ್ಕಿನ ಪಕ್ಕ ಗಾಡಿ ನಿಲ್ಲಿಸಿ ಕಾಯುತ್ತೇವೆ. ಅವರೆಲ್ಲ ಮರದ ಕೆಳಗೆ ಇಸ್ಪೀಟು ಹಾಕಿದಾಗ ನಾನು ಸ್ಟೀರಿಂಗ್ ಮೇಲೆ ಪುಸ್ತಕ ಇಟ್ಟುಕೊಂಡು ಕೂತೆ. ನನ್ನ ಓದು ನಿಧಾನ. ಪೇಪರಿನ ತಲೆಬರಹ ಬೇಗ ಓದುತ್ತೇನೆ, ಪುಟಗಟ್ಟಲೆ ಓದಿದ್ದು ಯಾವ ಕಾಲದಲ್ಲೋ. ತುಟಿ ಅಲ್ಲಾಡುತ್ತಿತ್ತೇನೋ, ಒಬ್ಬ ಕಿಟಕಿಯಲ್ಲಿ ತಲೆ ತೂರಿಸಿದ.

“ಏನ್ ಗುರು, ಎಕ್ಸಾಮ್ ಕಟ್ಟಿದ್ಯಾ?”

“ಹೋಗೋ, ಮಕ್ಳ ಪುಸ್ತಕ.”

“ಮಕ್ಳು ಓದಲ್ಲ, ನೀನ್ ಓದ್ತಿದೀಯ. ಲೇ, ಬನ್ರೋ ಇಲ್ಲಿ! ಅಣ್ಣ ಐ.ಎ.ಎಸ್. ಆಗ್ತಾನಂತೆ!”

ನಗಲಿ ಎಂದು ಬಿಟ್ಟೆ. ಅಷ್ಟರಲ್ಲಿ ಹುಡುಗಿಗೆ ಗುಜರಿ ಅಂಗಡಿ ಸಿಕ್ಕಿತ್ತು, ಒಳಗೆ ನಾಯಿ ಇತ್ತು, ಕ್ಲಾರಿನೆಟ್ಟಿನ ಪೆಟ್ಟಿಗೆ ಲಾರಿಯ ಮೇಲಿತ್ತು. ಅವಳು ಅದನ್ನು ತೆಗೆಯಲು ಹತ್ತಿದಾಗ ಡ್ರೈವರ್ ಬಂದುಬಿಟ್ಟ. ಹುಡುಗಿ ಟಾರ್ಪಾಲಿನ ಕೆಳಗೆ ನುಗ್ಗಿದಳು. ‘ಇಳಿಯಮ್ಮಾ, ಇಳಿದುಬಿಡು, ಲಾರಿಯವರು ಹಿಂದೆ ನೋಡೋದಿಲ್ಲ!’ ಎಂದು ಲಾರಿ ಓಡಿಸಿದ ನಾನೇ ಮನಸ್ಸಿನಲ್ಲಿ ಕೂಗಿಕೊಳ್ಳುತ್ತಿದ್ದೆ. ಯಾರೋ ಗಾಜು ಬಡಿದರು. ನೋಡಿದರೆ ನನ್ನ ವ್ಯಾನಿನ ಮಕ್ಕಳೆಲ್ಲ ಬ್ಯಾಗು ಹೊತ್ತು ನಿಂತಿದ್ದಾರೆ. ಬೆಲ್ಲು ಹೊಡೆದದ್ದೇ ನನಗೆ ಕೇಳಿಸಿರಲಿಲ್ಲ! ಕಿವಿಯೆಲ್ಲ ಬಿಸಿಯಾಗಿತ್ತು. ನೀತಿ ಗೀತಿ ಎಲ್ಲ ಆಮೇಲೆ, ನಾಳೆ ಬೆಳಿಗ್ಗೆಯೇ ಇದನ್ನು ಓದಿಸಬೇಕು ಎಂದು ತೀರ್ಮಾನ ಮಾಡಿದೆ.

ಮಾರನೆಯ ದಿನ ಮೊದಲ ಸಿಗ್ನಲ್ಲಿನಲ್ಲಿ ಬ್ರೇಕ್ ಎಳೆದು ಪುಸ್ತಕ ಹಿಂದಕ್ಕೆ ಕೊಟ್ಟೆ. ಏಳನೇ ಕ್ಲಾಸಿನ ಹುಡುಗಿ ಓದಲು ಶುರು ಮಾಡಿದಳು. ‘ಅಮ್ಮಾ, ಇವತ್ತು ಸ್ಪೆಷಲ್ ಕ್ಲಾಸ್’ ಎಂಬ ಸಾಲು ಬಂದಾಗ ವ್ಯಾನಿನಲ್ಲೆಲ್ಲ ಹೋ ಎಂದು ನಗು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೊಣಕೈಯಲ್ಲಿ ತಿವಿದುಕೊಂಡು ನಕ್ಕರು. ಎಷ್ಟು ಸ್ಪೆಷಲ್ ಕ್ಲಾಸುಗಳು ಈ ವ್ಯಾನಿನಲ್ಲಿ ಓಡಾಡಿವೆಯೋ ದೇವರೇ ಬಲ್ಲ.

“ಅಂಕಲ್, ಇವಳು ಪಕ್ಕಾ ಸಿಕ್ಕಾಕೋತಾಳೆ” ಎಂದ ಐದನೇ ಕ್ಲಾಸಿನವನು.

“ಅರೆ ಚುಪ್, ಓದೋಕ್ ಬಿಡೋ!” ಎಂದಳು ಓದುತ್ತಿದ್ದವಳು.

ಹಸಿರು ದೀಪ ಬಿತ್ತು. ಆಗ ಕೇಳಿಸಿತು. ಇಡೀ ವ್ಯಾನು ಒಟ್ಟಿಗೆ, “ಅಯ್ಯೋ!”

ಅಂಥ ಮರ್ಯಾದೆ ನನಗೆ ಯಾವ ಸನ್ಮಾನದಲ್ಲೂ ಸಿಗಲಾರದು. ಸ್ಟೀರಿಂಗ್ ಮೇಲೆ ಕೈ ಕುಣಿಯುತ್ತಿತ್ತು. ಆದರೆ ಕನ್ನಡಿಯಲ್ಲಿ ಮಗಳು ಹಾಗೆಯೇ ಕಿಟಕಿ ಕಡೆ. ಅವಳ ಬಾಯಿಂದ ‘ಅಯ್ಯೋ’ ಬಂತೋ ಇಲ್ಲವೋ ಗೊತ್ತಾಗಲಿಲ್ಲ.

ಅಲ್ಲಿಂದ ಮುಂದೆ ನಮ್ಮ ವ್ಯಾನಿನ ಲೋಕವೇ ಬೇರೆಯಾಯಿತು. ಬೆಂಗಳೂರಿನಲ್ಲೆಲ್ಲ ಕೆಂಪು ದೀಪಕ್ಕೆ ಶಿಳ್ಳೆ ಹೊಡೆಯುವ ಗಾಡಿ ನಮ್ಮದೊಂದೇ. ದೂರದಲ್ಲಿ ಸಿಗ್ನಲ್ ಹಸಿರಿದ್ದರೆ “ಅಂಕಲ್ ಸ್ಲೋ, ಸ್ಲೋ!” ಎಂದು ಕೂಗುತ್ತಿದ್ದರು. ಜಾಮ್ ಕಂಡರೆ ಚಪ್ಪಾಳೆ. ಹಿಂದಿನ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದು, “ಏನ್ ಸ್ವಾಮಿ, ಹಾಸಿಗೆ ಹಾಕ್ಕೊಡ್ಲಾ?” ಎಂದರೂ ನಾನು ಒಂದು ಸಾಲು ಮುಗಿಯಲಿ ಎಂದು ಕಾಯುವವನಾದೆ.

ಒಂದು ದಿನ ಹೆಬ್ಬಾಳದ ಹತ್ತಿರ, ಕಥೆಯ ಹುಡುಗಿ ಲಾರಿ ಹತ್ತುವ ಭಾಗ ಬಂತು. ಓದುತ್ತಿದ್ದವಳು ಪುಟ ತಿರುಗಿಸುವಾಗ, ಸಿಗ್ನಲ್ ಬಿಡುವ ಹೊತ್ತಾಯಿತೇನೋ ಎಂದು ಪುಸ್ತಕ ಮುಚ್ಚಲು ಹೋದಳು. ಆಗ ನನ್ನ ಬೆನ್ನ ಹಿಂದಿನಿಂದ ಒಂದು ಧ್ವನಿ:

“ಇನ್ನೂ ಟೈಮಿದೆ, ಓದೇ ನೀನು!”

ನನ್ನ ಮಗಳು. ಕಿಟಕಿಯಾಚೆ ಅವಳು ನೋಡುತ್ತಿದ್ದದ್ದು ಕಂಬವನ್ನಲ್ಲ, ಸಿಗ್ನಲ್ಲಿನಲ್ಲಿ ಇಳಿಯುತ್ತಿದ್ದ ಅಂಕಿಗಳನ್ನು! ಎಷ್ಟು ದಿನದಿಂದ ಹಾಗೆ ಎಣಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳೋ. ನಾನು ತಿರುಗಿ ನೋಡಲಿಲ್ಲ. ತಿರುಗಿದರೆ ಮತ್ತೆ ಚಿಪ್ಪಿನೊಳಕ್ಕೆ ಹೋಗಿಬಿಡುತ್ತಾಳೆ ಎಂದು ಹೆದರಿ, ಮುಂದಿನ ಆಟೋದ ಹಿಂಬದಿಯನ್ನೇ ದಿಟ್ಟಿಸುತ್ತಾ ಕೂತೆ. ಒಳಗೊಳಗೇ ಬ್ಯಾಂಡು ಬಾರಿಸುತ್ತಿತ್ತು.

ಟಾರ್ಪಾಲಿನ ಕೆಳಗೆ ಹುಡುಗಿ ಉಸಿರು ಹಿಡಿದಳು. ಲಾರಿ ಸ್ಟಾರ್ಟ್ ಆಯಿತು. ಅದೇ ಹೊತ್ತಿಗೆ ಹಸಿರು ದೀಪ.

“ಅಂಕಲ್, ಹೋಗ್ಬೇಡಿ!”

“ಅಪ್ಪಾ, ಒಂದೇ ನಿಮಿಷ!”

ಹಿಂದೆ ಹಾರ್ನುಗಳ ಮೆರವಣಿಗೆ. ಹೊರಡಲೇಬೇಕಾಯಿತು. ಅವತ್ತು ಶುಕ್ರವಾರ. ಸಂಜೆ ವಾಪಸ್ ಬರುವಾಗಲಾದರೂ ಓದಬಹುದೆಂದು ಎಲ್ಲರೂ ಕಾದಿದ್ದರು. ಏನು ಗ್ರಹಚಾರವೋ, ಸಿಗ್ನಲ್ಲುಗಳೆಲ್ಲ ಹಸಿರು, ರಿಂಗ್ ರೋಡು ಬಟ್ಟ ಬಯಲು. ಮಕ್ಕಳ ಮುಖ ಹುಳ್ಳಗಾಯಿತು. “ಏನಂಕಲ್ ಇದು, ಟ್ರಾಫಿಕ್ಕೇ ಇಲ್ಲ!” ಎಂದು ನನ್ನನ್ನೇ ಬೈದು ಇಳಿದರು. ಶನಿವಾರ ಶಾಲೆಗೆ ರಜೆ. ಆ ಹುಡುಗಿ ಸೋಮವಾರದವರೆಗೆ ಟಾರ್ಪಾಲಿನ ಕೆಳಗೇ ಇರಬೇಕು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದರೆ ಮಗಳಿಲ್ಲ. ಹೆಂಡತಿ ಮಹಡಿ ನೋಡಿದಳು, ನಾನು ಬೀದಿಯ ಕೊನೆಯ ಅಂಗಡಿ ತನಕ ಹೋಗಿ ಬಂದೆ. ಬರುವಾಗ ಮನೆ ಮುಂದೆ ನಿಂತಿದ್ದ ವ್ಯಾನಿನ ಕಿಟಕಿಯಲ್ಲಿ ತಲೆ ಕಂಡಿತು. ಓದುವ ಹುಡುಗಿ ಕೂರುವ ಜಾಗದಲ್ಲಿ, ಮಂಡಿ ಮಡಚಿಕೊಂಡು, ಪುಸ್ತಕದೊಳಕ್ಕೆ ಮೂಗು ತೂರಿಸಿ ಕೂತಿದ್ದಾಳೆ. ಬಾಗಿಲು ತೆಗೆದೆ.

“ಇಲ್ಲೇನ್ ಮಾಡ್ತಿದೀಯಾ?”

“ಪುಸ್ತಕ ಕೆಳಗಿಳಿಸ್ಬಾರ್ದು ಅಂತ ನೀನೇ ಹೇಳಿದ್ದು. ಇಳಿಸಿಲ್ಲ.”

“ಹ್ಯಾಂಡ್‌ಬ್ರೇಕು?”

“ಎಳೆದಿದೆ ನೋಡು.”

ನಾನೂ ಹತ್ತಿ ಅವಳೆದುರು ಕೂತೆ. ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿದೆ. “ನಾನ್ ತಂದ್ಕೊಟ್ಟಿದ್ದು ಒಂದೂ ಓದ್ಲಿಲ್ಲ ನೀನು. ಯಾಕಮ್ಮಾ?”

ಪುಟದ ಮೇಲೆ ಬೆರಳಿಟ್ಟುಕೊಂಡು ಅವಳು ಯೋಚಿಸಿದಳು. “ಅವೆಲ್ಲಾ ಕೊನೆಗೆ ನಂಗೇ ಬೈತಿದ್ವಪ್ಪಾ. ಹಿಂಗಿರು, ಹಂಗಿರು ಅಂತ. ಇವಳು ಬೈಯಲ್ಲ. ಇವಳ್ಗೇ ದೊಡ್ಡ ಪ್ರಾಬ್ಲಮ್ ಇದೆ.”

ಸರಿ ಎಂದೆ. ಸರಿಯಾಗಿಯೇ ಇತ್ತು. ನಾನು ಇಷ್ಟು ದಿನ ಪುಸ್ತಕದ ರಟ್ಟು ಹಾಕಿದ ಮೇಷ್ಟ್ರುಗಳನ್ನು ತಂದು ಕೊಡುತ್ತಿದ್ದೆ. ನನಗೂ ಒಂದು ಕಾಲದಲ್ಲಿ ಅಂಥವರನ್ನು ಕಂಡರೆ ಆಗುತ್ತಿರಲಿಲ್ಲ.

“ಗಟ್ಟಿಯಾಗ್ ಓದು, ನಾನೂ ಕೇಳ್ತೀನಿ.”

“ಶ್! ಮನ್ಸಲ್ಲಿ ಓದ್ಕೋತಿದೀನಿ. ನೀನ್ ಹೋಗಪ್ಪಾ, ಡಿಸ್ಟರ್ಬ್ ಆಗುತ್ತೆ.”

ನನ್ನ ವ್ಯಾನಿನಿಂದ ನನ್ನನ್ನೇ ಇಳಿಸಿದಳು! ನಾನು ಸದ್ದಾಗದ ಹಾಗೆ ಬಾಗಿಲು ಹಾಕಿ, ಗೇಟಿನ ಹತ್ತಿರ ಹೋಗಿ ನಿಂತೆ. ಹೆಂಡತಿ ಒಳಗಿನಿಂದ, “ಸಿಕ್ಕಿದ್ಲಾ? ಮುದ್ದೆ ಆರೋಗ್ತಿದೆ!” ಎಂದು ಕೂಗಿದಳು. “ಆರ್ಲಿ ಬಿಡೇ!” ಎಂದು ನಾನು ಕೂಗಿದೆ. ಊಟ ಆರುತ್ತದೆ ಎಂದರೆ ಮನೆಯೆಲ್ಲ ರಂಪ ಮಾಡುವವನು ನಾನು. ಏನಾಯಿತೋ ಎಂದು ಅವಳೂ ಹೊರಗೆ ಬಂದಳು, ವ್ಯಾನಿನೊಳಗೆ ನೋಡಿದಳು, ಸೆರಗಿಗೆ ಕೈ ಒರೆಸಿಕೊಂಡು ನನ್ನ ಪಕ್ಕ ನಿಂತಳು.

ಅಷ್ಟು ಹೊತ್ತಿಗೆ ಎದುರು ಮನೆಯವರು ಕಾರಿನ ಕೀ ಹಿಡಿದುಕೊಂಡು ಹೊರಗೆ ಬಂದರು. ನಮ್ಮ ಬೀದಿ ಕಿರಿದು. ನನ್ನ ವ್ಯಾನು ಸರಿಯದೆ ಅವರ ಕಾರು ಹೊರಡುವುದಿಲ್ಲ.

“ಸ್ವಲ್ಪ ಗಾಡಿ ಮುಂದೆ ತಗೋತೀರಾ?”

“ಒಂದರ್ಧ ಗಂಟೆ ಬಿಟ್ಟು ತೆಗೀಲಾ ಸರ್?”

“ಯಾಕೆ, ಸ್ಟಾರ್ಟ್ ಆಗ್ತಿಲ್ವಾ?”

“ನನ್ನ ಗಾಡಿ ಸ್ಟಾರ್ಟ್ ಆಗದೆ ಇರೋದುಂಟಾ ಸರ್! ಒಳಗೆ ಮಗಳು ಓದ್ತಿದಾಳೆ.”

ಅವರು ರೇಗುತ್ತಾರೆ ಎಂದುಕೊಂಡೆ. ಅವರು ಕಿಟಕಿಯ ಹತ್ತಿರ ಹೋಗಿ ಇಣುಕಿದರು. ಒಳಗಿದ್ದವಳಿಗೆ ಅದು ಗೊತ್ತೇ ಆಗಲಿಲ್ಲ. ಪುಟ ತಿರುಗಿತು. ಅವರು ಕಾರಿನ ಕೀಯನ್ನು ಜೇಬಿಗೆ ಹಾಕಿಕೊಂಡು ನನ್ನ ಹತ್ತಿರ ಬಂದರು.

“ನಮ್ಮೋನಿಗೂ ಹನ್ನೊಂದು ನಡೀತಿದೆ. ಬುಕ್ಕು ಅಂದ್ರೆ ಓಡೋಗ್ತಾನೆ. ಏನ್ ಕೊಟ್ರಿ ಇವಳಿಗೆ? ಹೆಸ್ರು ಹೇಳಿ, ಬರ್ತಾ ತಗೊಂಡ್ ಬರ್ತೀನಿ.”

ಹೆಸರು ಹೇಳುವುದಕ್ಕೆ ಬಾಯಿ ತೆರೆದವನು ನಿಲ್ಲಿಸಿದೆ. “ಹಂಗೆ ತರ್ಬೇಡಿ ಸರ್. ಆರ್.ಟಿ. ನಗರದಲ್ಲಿ ಒಂದು ಅಂಗಡಿ ಇದೆ, ನಾನೇ ಕರ್ಕೊಂಡ್ ಹೋಗ್ತೀನಿ. ಆದ್ರೆ ಅವನೂ ಬರ್ಬೇಕು, ಅವನಿಗೇನಿಷ್ಟ ಅಂತ ಅಲ್ಲಿ ಕೇಳ್ತಾರೆ. ಅವನನ್ನ ಮನೇಲಿ ಬಿಟ್ಟು ನಾವಿಬ್ರೇ ಹೋಗೋದಾದ್ರೆ ನಾನ್ ಬರಲ್ಲ.”